ಊರ ಶಾಲೆಯ ಪಾಠವೂ ಊರ ಜನರೂ: ಬೆಳಗಾವಿ ಸೀಮೆಯ ಶಿಕ್ಷಣ ಚರಿತ್ರೆಯ ಒಂದು ಅವಲೋಕನ

ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಮೊದಲು ಹಿಂಜರಿದೆ. ದೇವಾಲಯದ ಇತಿಹಾಸವನ್ನು ಬರೆಯಲು ನನಗಿಂತ ಬಲ್ಲವರಿದ್ದಾರೆ. ಆದ್ದರಿಂದ ದೇವಾಲಯದಷ್ಟೇ ನಮ್ಮ ಬಾಳಿನೊಂದಿಗೆ ಹೆಣೆದುಕೊಂಡು ಬಂದಿರುವ ಶಾಲೆಯನ್ನು ವಿಷಯವಾಗಿ ಆರಿಸಿಕೊಂಡೆ. ಶಾಲೆಯ ಕಟ್ಟಡ ಎಂದು ಕಟ್ಟಿಸಲ್ಪಟ್ಟಿತು, ಮೊದಲ ಮಾಸ್ತರರು ಯಾರು ಎಂಬ ವಿವರಗಳು ಎಲ್ಲ ಊರುಗಳಲ್ಲಿಯೂ ಹೇಗೋ ದಾಖಲಾಗಿರುತ್ತವೆ. ಅಲ್ಲಿ ಕಲಿಸಿದ ಪಾಠ ಯಾರ ಇಚ್ಛೆಯಿಂದ ನಿಶ್ಚಿತವಾಯಿತು, ಅದರಲ್ಲಿ ಊರ ಜನರ ಮಾತು ಎಷ್ಟರಮಟ್ಟಿಗೆ ನಡೆಯಿತು ಎಂಬ ಪ್ರಶ್ನೆಯನ್ನು ಮಾತ್ರ ಕೇಳಿದವರು ವಿರಳ. ಕೌಜಲಗಿ, ಗೋಕಾಕ, ಹುಕ್ಕೇರಿ, ಮೂಡಲಗಿಗಳ ಈ ಸೀಮೆಯಲ್ಲಿ ನಿಂತು ನೋಡಿದರೆ ಆ ಪ್ರಶ್ನೆಗೆ ಇನ್ನೂರು ವರ್ಷಗಳ ಉತ್ತರವಿದೆ.

ಸರಕಾರದ ಶಾಲೆಗಳು ಬರುವುದಕ್ಕೆ ಮುಂಚೆ ನಮ್ಮಲ್ಲಿದ್ದುದು ಗಾಂವಟಿ ಶಾಲೆ. ಮಠದ ಪಡಸಾಲೆಯಲ್ಲೋ, ಗುಡಿಯ ಕಟ್ಟೆಯ ಮೇಲೋ, ಗೌಡರ ಚಾವಡಿಯಲ್ಲೋ ಅಯ್ಯನವರು ಹತ್ತಾರು ಹುಡುಗರನ್ನು ಕೂಡ್ರಿಸಿಕೊಂಡು ಅಕ್ಷರ, ಮಗ್ಗಿ, ಲೆಕ್ಕಗಳನ್ನು ಹೇಳಿಕೊಡುತ್ತಿದ್ದರು. ಈ ಶಾಲೆಗಳ ಬಗೆಗೆ ಕನ್ನಡ ನಾಡಿನಲ್ಲಿ ದೊರೆಯುವ ಅತ್ಯಂತ ಸವಿವರವಾದ ಸಾಕ್ಷ್ಯವೆಂದರೆ ಬಳ್ಳಾರಿ ಜಿಲ್ಲೆಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ಲರು ೧೮೨೩ರಲ್ಲಿ ಮದ್ರಾಸು ಸರಕಾರಕ್ಕೆ ಕಳಿಸಿದ ವರದಿ. ಆ ಜಿಲ್ಲೆಯಲ್ಲಿ ಅಂದು ೫೩೩ ಶಾಲೆಗಳಿದ್ದವು. ಅವುಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಮರಾಠಿ ಮತ್ತು ಸಂಸ್ಕೃತದವು ತಲಾ ೨೩, ಪಾರಸಿಯವು ೨೧, ತಮಿಳಿನವು ೪. ಇಂಗ್ಲಿಷಿನದು ಒಂದೇ ಒಂದು. ಕಲಿಯುತ್ತಿದ್ದವರು ೬,೬೪೧ ಮಂದಿ; ಅವರಲ್ಲಿ ಹೆಣ್ಣುಮಕ್ಕಳು ಕೇವಲ ೬೦. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಬಳಿಕ ಹಲಿಗೆಗೂ ಕಡತಕ್ಕೂ ಬರುತ್ತಿದ್ದರು. ಮುಂದೆ ಹೋದ ಹುಡುಗರು ಹಿಂದಿನವರಿಗೆ ಕಲಿಸುವ ಪದ್ಧತಿಯನ್ನು ಕ್ಯಾಂಪ್‌ಬೆಲ್ಲರು ಬಹುವಾಗಿ ಮೆಚ್ಚಿಕೊಂಡಿದ್ದಾರೆ.

ನಮ್ಮ ವಿಷಯಕ್ಕೆ ಬಹಳ ಮುಖ್ಯವಾದ ಸಂಗತಿ ಇನ್ನೊಂದಿದೆ. ಆ ಶಾಲೆಗಳಲ್ಲಿ ಓದಿಸುತ್ತಿದ್ದ ಗ್ರಂಥಗಳನ್ನು ಅವರು ಜನವರ್ಗಗಳ ಪ್ರಕಾರ ಪಟ್ಟಿ ಮಾಡಿದ್ದಾರೆ. ರಾಮಾಯಣ, ಮಹಾಭಾರತ, ಭಾಗವತಗಳು ಎಲ್ಲರಿಗೂ ಸಾಮಾನ್ಯ. ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮ ಪುರಾಣವೇ ಮೊದಲಾದವು. ಲಿಂಗಾಯತರ ಮಕ್ಕಳಿಗೆ ಬಸವ ಪುರಾಣ, ಚೆನ್ನಬಸವ ಪುರಾಣ, ಗಿರಿಜಾ ಕಲ್ಯಾಣ, ಅನುಭವಾಮೃತ. ಅಂದರೆ ಪಠ್ಯಪುಸ್ತಕ ಮಂಡಳಿಯಾಗಲಿ ಇಲಾಖೆಯ ಸುತ್ತೋಲೆಯಾಗಲಿ ಇಲ್ಲದ ಆ ಕಾಲದಲ್ಲಿ ಮನೆತನ ಮತ್ತು ಕುಲಗಳೇ ಪಠ್ಯಕ್ರಮವನ್ನು ಗೊತ್ತುಮಾಡುತ್ತಿದ್ದವು. ತಂದೆ ಅಯ್ಯನವರಿಗೆ ಕಾಳು ಅಳೆದುಕೊಡುತ್ತಿದ್ದನು. ಮಗನಿಗೆ ಯಾವ ಪುರಾಣ ಬೇಕೆಂದು ಹೇಳುವ ಅಧಿಕಾರ ಅವನಿಗಿತ್ತು. ಆದರೆ ಇದನ್ನೇ ಹಿಡಿದು ಅದೊಂದು ಸುವರ್ಣಯುಗವೆಂದು ಹಾಡುವವರೊಡನೆ ನನ್ನ ಸಮ್ಮತಿಯಿಲ್ಲ. ಹುಡುಗರು ಬಾಯಿಪಾಠ ಮಾಡುವ ಹಳಗಾವ್ಯದ ಭಾಷೆ ಅವರಿಗೂ ತಿಳಿಯುತ್ತಿರಲಿಲ್ಲ, ಎಷ್ಟೋ ವೇಳೆ ಅಯ್ಯನವರಿಗೂ ತಿಳಿಯುತ್ತಿರಲಿಲ್ಲವೆಂಬುದನ್ನು ಅದೇ ವರದಿ ಹೇಳುತ್ತದೆ. ಬಡತನ ಹೆಚ್ಚಿದಂತೆ ಶಾಲೆಗಳು ಮುಚ್ಚುತ್ತಿದ್ದುದನ್ನೂ ಹೇಳುತ್ತದೆ.

೧೮೧೮ರಲ್ಲಿ ಪೇಶ್ವೆಯರ ಆಳಿಕೆ ಮುಗಿದು ಈ ಪ್ರಾಂತ ಮುಂಬಯಿ ಇಲಾಖೆಗೆ ಸೇರಿತು. ೧೮೩೬ರಲ್ಲಿ ಧಾರವಾಡದಿಂದ ಬೇರ್ಪಟ್ಟು ಬೆಳಗಾವಿ ಜಿಲ್ಲೆಯಾಯಿತು. ಹೊಸ ಸರಕಾರದವರು ಈ ಭಾಗವನ್ನು ‘ದಕ್ಷಿಣ ಮರಾಠಾ ಸೀಮೆ’ ಎಂದು ಕರೆದುದರಲ್ಲಿಯೇ ಮುಂದಿನ ತೊಡಕೆಲ್ಲ ಅಡಗಿತ್ತು. ಕಚೇರಿಯ ದಫ್ತರವೆಲ್ಲ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ನಡೆಯುತ್ತಿದ್ದುದರಿಂದ ಸರಕಾರಿ ಶಾಲೆಗಳೂ ಮರಾಠಿಯವೇ ಆದವು. ಹೊಲದಲ್ಲಿ, ಹಟ್ಟಿಯಲ್ಲಿ, ಸಂತೆಯಲ್ಲಿ ಕನ್ನಡವಾಡುವ ಹುಡುಗ ಶಾಲೆಯ ಹೊಸ್ತಿಲು ದಾಟಿದೊಡನೆ ಮರಾಠಿ ಓದಬೇಕಾಯಿತು. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ಟರು ೧೮೩೦ರ ಸುಮಾರಿಗೆ ತಮ್ಮ ಸ್ವಂತ ಖರ್ಚಿನಿಂದ ಒಂದು ಕನ್ನಡ ಶಾಲೆಯನ್ನು ತೆರೆದರೆಂಬುದು ಅಂದಿನ ಸ್ಥಿತಿಗೆ ಕನ್ನಡಿ. ಕನ್ನಡ ನಾಡಿನ ನಡುಮನೆಯಲ್ಲಿ ಕನ್ನಡ ಕಲಿಸಲು ಒಬ್ಬ ಪರದೇಶೀಯನು ಕೈಯಿಂದ ಹಣ ಹಾಕಬೇಕಾಗಿತ್ತು!

ಈ ಅವಸ್ಥೆಯನ್ನು ಬದಲಿಸಿದವರಲ್ಲಿ ಇಬ್ಬರ ಹೆಸರುಗಳನ್ನು ಬೆಳಗಾವಿ ಜಿಲ್ಲೆಯವರಾದ ನಾವು ಮರೆಯುವಂತಿಲ್ಲ. ದಕ್ಷಿಣ ವಿಭಾಗದ ವಿದ್ಯಾಧಿಕಾರಿಯಾಗಿ ಬಂದ ಡಬ್ಲ್ಯು. ಎ. ರಸೆಲ್ಲರು ಒಬ್ಬರು. ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿದ್ದು ಆ ಮೇಲೆ ಬೆಳಗಾವಿಗೆ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿ ಬಂದ ಚೆನ್ನಬಸಪ್ಪನವರು ಇನ್ನೊಬ್ಬರು. ಹುದ್ದೆಯ ಹೆಸರೇ ಅವರ ಹೆಸರಿಗೆ ಅಂಟಿಕೊಂಡು ಇಂದಿಗೂ ಅವರು ‘ಡೆಪ್ಯುಟಿ ಚೆನ್ನಬಸಪ್ಪ’ನವರೇ. ೧೮೬೦ರ ದಶಕದಿಂದ ೧೮೮೧ರಲ್ಲಿ ತೀರಿಕೊಳ್ಳುವವರೆಗೆ ಅವರು ಹಳ್ಳಿ ಹಳ್ಳಿಗೆ ತಿರುಗಿ ಕನ್ನಡ ಶಾಲೆಗಳನ್ನು ತೆರೆಸಿದರು. ಮರಾಠಿ ಶಾಲೆಗಳನ್ನು ಕನ್ನಡಕ್ಕೆ ತಿರುಗಿಸಿದರು. ಕನ್ನಡ ಮಾಸ್ತರರನ್ನು ತರಬೇತು ಮಾಡಿ ಕಳಿಸಿದರು. ಓದಲು ಪುಸ್ತಕವೇ ಇಲ್ಲವೆಂಬ ಕೊರತೆಯನ್ನು ನೀಗಲು ತಾವೂ ಬರೆದರು, ಗೆಳೆಯರಿಂದಲೂ ಬರೆಸಿದರು. ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿ ಮೊದಲಾದವರ ಬರವಣಿಗೆ ಬೆಳೆದುದು ಈ ಶಾಲಾಮಾಸ್ತರರ ಬಳಗದಲ್ಲಿಯೇ. ಶೇಕ್ಸ್‌ಪಿಯರನ ನಾಟಕವೊಂದನ್ನು ಚೆನ್ನಬಸಪ್ಪನವರು ‘ನಗದವರನ್ನು ನಗಿಸುವ ಕಥೆ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಆ ಹೆಸರಿನ ಸೊಗಸು ನೋಡಿದರೆ ಅವರು ಹುಡುಗರ ಮುಂದೆ ಹೇಗೆ ಪಾಠ ಹೇಳುತ್ತಿದ್ದಿರಬಹುದೆಂದು ಊಹಿಸಬಹುದು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಮರಾಠಿಯನ್ನು ಬಯಸಿದವರು ಅಧಿಕಾರಿಗಳು ಮಾತ್ರ ಆಗಿರಲಿಲ್ಲ. ಕಚೇರಿಯಲ್ಲಿ ಕಾರಕೂನಿಕೆ ಸಿಗಬೇಕಾದರೆ, ಕುಲಕರ್ಣಿಯ ದಫ್ತರ ಓದಬೇಕಾದರೆ ಮರಾಠಿ ಬೇಕು ಎಂದು ತಿಳಿದಿದ್ದ ಕನ್ನಡ ತಾಯಿತಂದೆಗಳೂ ಅದನ್ನು ಬಯಸಿದರು. ಮನೆಯ ಮಾತಿನಲ್ಲಿ ಓದಿದರೆ ಮಗ ಮನೆಯಲ್ಲಿಯೇ ಉಳಿಯುತ್ತಾನೆ ಎಂಬ ಅಂಜಿಕೆ ಅವರದು. ಕಚೇರಿಯ ಭಾಷೆಯೇ ಕ್ರಮೇಣ ಕನ್ನಡಕ್ಕೆ ತಿರುಗಿದ ಬಳಿಕ ಈ ಅಂಜಿಕೆ ತಗ್ಗಿತು. ಈ ಮಾತು ಮುಂದೆ ಮತ್ತೆ ಬರಲಿದೆ.

ಜನರು ಶಾಲೆಯ ವಿಷಯದಲ್ಲಿ ಬಾಯಿ ತೆರೆಯಲು ಇನ್ನೊಂದು ಬಲವಾದ ಕಾರಣವಿತ್ತು; ಅದು ರೊಕ್ಕ. ೧೮೬೩-೬೪ರಿಂದ ಮುಂಬಯಿ ಇಲಾಖೆಯಲ್ಲಿ ಭೂಕಂದಾಯದ ರೂಪಾಯಿಗೆ ಒಂದು ಆಣೆಯಂತೆ ‘ಲೋಕಲ್ ಫಂಡ್’ ಪಟ್ಟಿಯನ್ನು ಎತ್ತತೊಡಗಿದರು. ೧೮೬೯ರ ಕಾಯಿದೆ ಅದನ್ನು ಕಾಯಂ ಮಾಡಿತು. ಈ ಆಣೆಯ ಮೂರರಲ್ಲಿ ಒಂದು ಪಾಲು ಶಾಲೆಗಳಿಗೆ. ಉಳಿದುದು ರಸ್ತೆ, ಬಾವಿ ಮುಂತಾದವುಗಳಿಗೆ. ಜೋಳ, ಹತ್ತಿ ಬೆಳೆದು ಕಂದಾಯ ಕಟ್ಟುವ ಪ್ರತಿಯೊಬ್ಬ ಒಕ್ಕಲಿಗನೂ ತನಗೆ ತಿಳಿದೋ ತಿಳಿಯದೆಯೋ ಶಾಲೆಯ ಖರ್ಚನ್ನು ಹೊತ್ತನು. ಹಣ ಕೊಟ್ಟವನು ಹಿಟ್ಟು ಹೇಗಿದೆಯೆಂದು ನೋಡುವುದು ಸಹಜ. ನಮ್ಮ ಮಕ್ಕಳಿಗೆ ಯಾವ ವಿದ್ಯೆ, ಪಟ್ಟಣದವರ ಮಕ್ಕಳಿಗೆ ಯಾವ ವಿದ್ಯೆ ಎಂಬ ವಾದ ಎದ್ದುದು ಆಗ.

ಈ ವಾದವನ್ನು ಅತ್ಯಂತ ತೀಕ್ಷ್ಣವಾಗಿ ಮಂಡಿಸಿದವರು ಪುಣೆಯ ಮಹಾತ್ಮಾ ಜ್ಯೋತಿಬಾ ಫುಲೆಯವರು. ೧೮೮೨ರಲ್ಲಿ ಹಂಟರ್ ಆಯೋಗದ ಮುಂದೆ ಅವರು ಸಲ್ಲಿಸಿದ ನಿವೇದನೆ ನಮ್ಮ ಬೆಳಗಾವಿಯನ್ನೂ ಒಳಗೊಂಡಿದ್ದ ಮುಂಬಯಿ ಇಲಾಖೆಗೆ ಸಂಬಂಧಿಸಿದ್ದು. ಕರದ ಬಹುಭಾಗವನ್ನು ದುಡಿಯುವ ರೈತನು ಕೊಡುತ್ತಾನೆ, ವಿದ್ಯೆಯ ಲಾಭವನ್ನು ಮೇಲಿನ ವರ್ಗದವರು ಉಣ್ಣುತ್ತಾರೆ ಎಂಬುದು ಅವರ ಮುಖ್ಯ ದೂರು. ಹಳ್ಳಿಯ ಶಾಲೆಯಲ್ಲಿ ಓದು, ಬರಹ, ಲೆಕ್ಕಗಳ ಜೊತೆಗೆ ಇತಿಹಾಸ, ಭೂಗೋಲ, ವ್ಯಾಕರಣಗಳ ಪರಿಚಯವಿರಲಿ; ಬೇಸಾಯದ ಪ್ರಾಥಮಿಕ ಜ್ಞಾನ, ನೀತಿ, ಆರೋಗ್ಯಗಳ ಪಾಠ ಇರಲಿ; ಮಾಸ್ತರರು ಸಾಧ್ಯವಾದಷ್ಟು ಒಕ್ಕಲು ವರ್ಗದವರೇ ಆಗಿರಲಿ, ನೇಗಿಲ ಮೇಣಿಯನ್ನೋ ಬಡಗಿಯ ಬಾಚಿಯನ್ನೋ ಹಿಡಿಯಲು ನಾಚದವರಾಗಿರಲಿ ಎಂದು ಅವರು ಕೇಳಿದರು. ಪಠ್ಯದ ಜೊತೆಗೆ ಅದನ್ನು ಹೇಳುವವನ ಕೈಯನ್ನೂ ನೋಡಬೇಕೆಂದ ಈ ಮಾತು ನನಗೆ ಇಡೀ ಹತ್ತೊಂಬತ್ತನೆಯ ಶತಮಾನದ ಶಿಕ್ಷಣ ಸಾಹಿತ್ಯದಲ್ಲಿಯೇ ಎದ್ದು ಕಾಣುವ ಮಾತೆನಿಸುತ್ತದೆ.

ಸರಕಾರಕ್ಕೆ ಇದು ತಡವಾಗಿ ಕೇಳಿಸಿತು. ೧೯೦೪ರಲ್ಲಿ ಕರ್ಜನ್ ಸಾಹೇಬರ ಕಾಲದ ಶಿಕ್ಷಣ ನಿರ್ಣಯವು ಹಳ್ಳಿಯ ಶಾಲೆಗೆ ಬೇರೆಯೇ ಸರಳವಾದ ಪಠ್ಯ ಬೇಕೆಂದು ಒಪ್ಪಿತು. ಹಳ್ಳಿಯ ಬಾಳಿಗೆ ಹೊಂದುವ ವಾಚನ ಪುಸ್ತಕಗಳು, ಊರ ನಕಾಶೆಯನ್ನು ಓದುವುದು, ದೇಶೀ ಲೆಕ್ಕದ ರೂಢಿ, ಜಮೀನುದಾರನೂ ದಲಾಲಿಯೂ ಮೋಸ ಮಾಡದಂತೆ ತನ್ನ ವ್ಯವಹಾರವನ್ನು ತಾನೇ ತಿಳಿದುಕೊಳ್ಳುವ ಶಕ್ತಿ ಇವು ಅದರ ಉದ್ದೇಶಗಳು. ಮಾತು ಚೆಂದವಾಗಿತ್ತು. ಆದರೆ ಮುಲ್ಕಿ ಪರೀಕ್ಷೆಯೆಂಬ ಹೆಬ್ಬಾಗಿಲು ಅಲ್ಲಿಯೇ ನಿಂತಿತ್ತು. ಏಳನೆಯ ಇಯತ್ತೆ ಮುಗಿಸಿ ಮುಲ್ಕಿ ಪಾಸಾದವನಿಗೆ ತಲಾಟಿಕೆ, ಮಾಸ್ತರಿಕೆ ಸಿಗುತ್ತಿದ್ದ ಕಾಲದಲ್ಲಿ ‘ನಿನ್ನ ಮಗನಿಗೆ ಹಗುರವಾದ ಹಳ್ಳಿಯ ಪಾಠ ಸಾಕು’ ಎಂದರೆ ಯಾವ ತಂದೆ ಒಪ್ಪಿಯಾನು? ಹಳ್ಳಿಯವರಿಗೆ ಹಳ್ಳಿಯ ಪಾಠ ಎಂಬುದರಲ್ಲಿ ಹಿತವೂ ಇದೆ, ಹೂಟವೂ ಇದೆ ಎಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಮುಲ್ಕಿ ಪಾಸಾದವರನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಅವರ ಅಕ್ಷರ ಮುತ್ತಿನಂತೆ. ಪಾವಕಿ, ನಿಮ್ಮಕಿ, ಸವಾಯಕಿ ಮಗ್ಗಿಗಳು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬಾಯಲ್ಲಿ.

ಇದುವರೆಗೆ ‘ಊರ ಜನ’ ಎಂದು ಸಲೀಸಾಗಿ ಬರೆದುಕೊಂಡು ಬಂದೆ. ಆದರೆ ಊರೆಂದರೆ ಯಾರು? ಈ ಪ್ರಶ್ನೆಯನ್ನು ಬೇರೆ ಯಾರೂ ಅಲ್ಲ, ಧಾರವಾಡದ ಒಬ್ಬ ಬಾಲಕನೇ ಕೇಳಿದನು. ೧೮೫೬ರ ಜೂನ್ ತಿಂಗಳಲ್ಲಿ, ಅಸ್ಪೃಶ್ಯವೆಂದು ಎಣಿಸಲ್ಪಟ್ಟ ಮಹಾರ ಜಾತಿಯ ಹುಡುಗನಿಗೆ ಧಾರವಾಡದ ಸರಕಾರಿ ಶಾಲೆಯಲ್ಲಿ ಪ್ರವೇಶ ದೊರೆಯದೆ ಅವನ ಪರವಾಗಿ ಮುಂಬಯಿ ಸರಕಾರಕ್ಕೆ ಅರ್ಜಿ ಹೋಯಿತು. ತತ್ತ್ವತಃ ನ್ಯಾಯ ಹುಡುಗನ ಕಡೆಗಿದೆಯೆಂದು ಸರಕಾರ ಒಪ್ಪಿಕೊಂಡಿತು. ಆದರೆ ಯುಗಯುಗಗಳ ಪೂರ್ವಗ್ರಹವನ್ನು ಒಬ್ಬನಿಗಾಗಿ ಥಟ್ಟನೆ ಮುರಿಯಹೊರಟರೆ ಶಾಲೆಯೇ ಬಹುಜನರಿಗೆ ನಿರುಪಯುಕ್ತವಾದೀತೆಂದು ಹೇಳಿ ಅರ್ಜಿಯನ್ನು ತಳ್ಳಿಹಾಕಿತು. ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ೧೮೫೮ರಲ್ಲಿ ಕಂಪನಿಯ ನಿರ್ದೇಶಕ ಮಂಡಳಿಯವರು ಲಂಡನ್ನಿನಿಂದ ಅಪ್ಪಣೆ ಮಾಡಿದರು. ಅಪ್ಪಣೆ ಬಂದರೂ ಎಷ್ಟೋ ಊರುಗಳಲ್ಲಿ ಆ ಮಕ್ಕಳು ಪಡಸಾಲೆಯ ಹೊರಗೆ, ಮೆಟ್ಟಿಲ ಮೇಲೆ ಕುಳಿತು ಪಾಠ ಕೇಳುವುದು ಇನ್ನೂ ಬಹುಕಾಲ ನಡೆಯಿತು. ಈ ಪ್ರಸಂಗವನ್ನು ಮುಂದೆ ಡಾ. ಅಂಬೇಡ್ಕರರು ಸೈಮನ್ ಆಯೋಗದ ಮುಂದಿಟ್ಟ ಹೇಳಿಕೆಯಲ್ಲಿ ಎತ್ತಿ ತೋರಿಸಿದರು.

ಸಮಾಜದ ಇಚ್ಛೆಯಂತೆ ಶಾಲೆ ನಡೆಯಬೇಕು ಎನ್ನುವವರು ಆ ಹುಡುಗನನ್ನು ನೆನೆಯಬೇಕು. ಅಂದು ಸಮಾಜದ ಇಚ್ಛೆಯೇ ಅವನನ್ನು ಹೊರಗಿಟ್ಟಿತು. ನಮ್ಮ ಕ್ರೈಸ್ತ ಸಮುದಾಯವೂ ಈ ನಾಡಿನ ನೀರನ್ನೇ ಕುಡಿದುದಾದ್ದರಿಂದ, ಈ ಕಲೆಯಿಂದ ಪೂರ್ತಿಯಾಗಿ ದೂರವಿದ್ದಿತೆಂದು ಎದೆ ತಟ್ಟಿ ಹೇಳುವಂತಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಭಾಗದ ಜನರು ಸರಕಾರವನ್ನು ಕಾಯದೆ ತಾವೇ ವಿದ್ಯಾಸಂಸ್ಥೆಗಳನ್ನು ಕಟ್ಟಿದ ಕಥೆ ಎಲ್ಲರಿಗೂ ತಿಳಿದುದೇ. ೧೮೯೦ರಲ್ಲಿ ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳ್ತನದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡ ಗ್ರಂಥರಚನೆಗೆ ಪ್ರೋತ್ಸಾಹವಿತ್ತಿತು. ೧೯೦೬ರಲ್ಲಿ ಮಡಿದ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗೆ ಮೀಸಲಿಟ್ಟು ಹೋದರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸಂಸ್ಥೆಯನ್ನು ಕಟ್ಟಿದರು. ನಮ್ಮವರ ಕಡೆಯಿಂದ ಬೆಳಗಾವಿಯ ಸಂತ ಪೌಲರ ಪ್ರೌಢಶಾಲೆ ೧೮೫೬ರಷ್ಟು ಹಿಂದೆಯೇ ಆರಂಭವಾಗಿತ್ತು. ಅದು ಇಂಗ್ಲಿಷ್ ಶಾಲೆ. ಹಳ್ಳಿಯ ಕ್ರೈಸ್ತ ಹುಡುಗನಿಗೆ ಅದು ಬಲುದೂರ. ಹಳ್ಳಿಯ ಧರ್ಮಕೇಂದ್ರಗಳಲ್ಲಿ ಜ್ಞಾನೋಪದೇಶವನ್ನು ಎಲ್ಲಿ ಕೊಂಕಣಿ ರೂಢಿಯೋ ಅಲ್ಲಿ ಕೊಂಕಣಿಯಲ್ಲಿ, ಎಲ್ಲಿ ಮರಾಠಿಯೋ ಅಲ್ಲಿ ಮರಾಠಿಯಲ್ಲಿ, ಕನ್ನಡದ ಊರುಗಳಲ್ಲಿ ಕನ್ನಡದಲ್ಲಿ ಹೇಳಿಕೊಡುತ್ತ ಬಂದರು. ೧೯೫೩ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದಾಗಲೂ ಈ ಮೂರು ಭಾಷೆಗಳ ಸಂಸಾರವೇ ಅದರ ಪಾಲಿಗೆ ಬಂದಿತು. ಮಗುವಿಗೆ ಅದರ ಮನೆಯ ಮಾತಿನಲ್ಲಿಯೇ ದೇವರನ್ನು ಹೇಳಬೇಕೆಂಬ ವಿವೇಕವನ್ನು ಹಳ್ಳಿಯ ಉಪದೇಶಿಗಳಿಗೆ ಯಾವ ಸುತ್ತೋಲೆಯೂ ಕಲಿಸಿರಲಿಲ್ಲ.

ಇದೇ ಕಾಲದಲ್ಲಿ ಶಾಲೆಯ ಹೊರಗೆ ಇನ್ನೊಂದು ವಿದ್ಯೆ ಬೆಳೆಯುತ್ತಿತ್ತು. ಕೌಜಲಗಿಯ ಸಮೀಪದ ಕುಲಗೋಡದ ತಮ್ಮಣ್ಣನವರಿಂದ ಹೊಸ ರೂಪ ಪಡೆದ ಶ್ರೀಕೃಷ್ಣ ಪಾರಿಜಾತದ ಆಟವನ್ನು ಕೌಜಲಗಿಯ ನಿಂಗಮ್ಮನವರು ಊರೂರಿಗೆ ಒಯ್ದರು. ಅಕ್ಷರ ಬಾರದ ಸಾವಿರಾರು ಜನ ಇರುಳೆಲ್ಲ ಕುಳಿತು ಕನ್ನಡದ ಸೊಲ್ಲು, ರಾಗ, ತರ್ಕಗಳನ್ನು ಕಲಿತದ್ದು ಅಲ್ಲಿ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ೧೯೦೦ರಲ್ಲಿ ಹುಟ್ಟಿದ ಕೃಷ್ಣಶರ್ಮರು, ನಮ್ಮೆಲ್ಲರ ಆನಂದಕಂದರು, ಈ ನೆಲದ ಆಡುಮಾತನ್ನೇ ಕಾವ್ಯಕ್ಕೆ ಏರಿಸಿದರು. ಅತ್ತ ವಿಜಾಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಮುಂದೆ ಕುಳಿತು ಬರೆದುಕೊಂಡ ಹಾಡುಗಳು ೧೯೩೧ರಲ್ಲಿ ‘ಗರತಿಯ ಹಾಡು’ ಆಗಿ ಅಚ್ಚಾದವು. ಜನಪದ ತ್ರಿಪದಿಗಳು ಮುಂದೆ ಶಾಲೆಯ ಪಠ್ಯಪುಸ್ತಕದೊಳಗೆ ಬಂದು ಕುಳಿತವು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯ ಹಾಡನ್ನು ಮೊಮ್ಮಗಳು ಶಾಲೆಯಿಂದ ಕಲಿತುಕೊಂಡು ಬಂದು ಅಜ್ಜಿಗೇ ಒಪ್ಪಿಸಿದಳು! ಸಮುದಾಯವು ಪಠ್ಯಕ್ರಮಕ್ಕೆ ಕೊಟ್ಟ ಕೊಡುಗೆಗಳಲ್ಲಿ ಯಾವ ಗದ್ದಲವೂ ಇಲ್ಲದೆ ಬಂದುದು ಇದೊಂದೇ ಇರಬೇಕು.

೧೯೩೭ರ ಏಪ್ರಿಲಿನಲ್ಲಿ ಗಾಂಧೀಜಿಯವರು ಗಾಂಧೀ ಸೇವಾ ಸಂಘದ ಸಮಾವೇಶಕ್ಕಾಗಿ ನಮ್ಮ ಜಿಲ್ಲೆಯ ಹುದಲಿಗೆ ಬಂದು ಕೆಲವು ದಿನ ತಂಗಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ವರ್ಧಾ ಪರಿಷತ್ತು ನಡೆದು, ಕೈಕಸುಬಿನ ಮೂಲಕ ಎಲ್ಲ ವಿದ್ಯೆಯನ್ನೂ ಕಲಿಸುವ ಮೂಲಶಿಕ್ಷಣದ ಯೋಜನೆ ಹೊರಟಿತು. ಮುಂಬಯಿ ಪ್ರಾಂತದ ಸರಕಾರ ಅದನ್ನು ಕೈಗೆತ್ತಿಕೊಂಡಿತು. ಶಾಲೆಗಳಿಗೆ ತಕಲಿ ಬಂದಿತು. ಊರ ಕಸುಬನ್ನೇ ಪಾಠವಾಗಿಸುವ ಈ ವಿಚಾರಕ್ಕಿಂತ ಊರಿಗೆ ಹತ್ತಿರವಾದುದು ಇನ್ನೊಂದಿಲ್ಲ. ಆದರೂ ಊರವರಿಗೇ ಅದು ಹಿಡಿಸಲಿಲ್ಲ. ನೂಲುವುದು, ನೇಯುವುದು, ಉಳುವುದು ಮನೆಯಲ್ಲಿಯೇ ಇದೆ, ಶಾಲೆಗೆ ಕಳಿಸುವುದು ಅದರಿಂದ ಪಾರಾಗಲೆಂದು ಎಂಬುದು ದುಡಿಯುವವರ ಮಾತು. ಕೈಕೆಲಸ ನಮ್ಮ ಮಕ್ಕಳಿಗೇಕೆ ಎಂಬುದು ದುಡಿಯದವರ ಮಾತು. ಎರಡೂ ಕಡೆಯವರು ಬೇರೆ ಬೇರೆ ಕಾರಣಗಳಿಂದ ಒಂದೇ ತೀರ್ಮಾನಕ್ಕೆ ಬಂದರು. ಕೆಲವು ವರ್ಷಗಳಲ್ಲಿ ತಕಲಿಗಳು ಶಾಲೆಯ ಕಪಾಟಿನಲ್ಲಿ ತುಕ್ಕು ಹಿಡಿದವು.

ಶಾಲೆಯ ಆಡಳಿತ ಮಾತ್ರ ಜನರ ಕೈಗೂ ಸರಕಾರದ ಕೈಗೂ ನಡುವೆ ಓಲಾಡುತ್ತ ಬಂದಿತು. ೧೯೨೩ರ ಕಾಯಿದೆಯಿಂದ ಪ್ರಾಥಮಿಕ ಶಾಲೆಗಳು ಲೋಕಲ್ ಬೋರ್ಡುಗಳ ವಶಕ್ಕೆ ಹೋದವು. ೧೯೪೭ರ ಕಾಯಿದೆ ಜಿಲ್ಲಾ ಸ್ಕೂಲ್ ಬೋರ್ಡುಗಳನ್ನು ಮಾಡಿತು. ಮಾಸ್ತರರ ವರ್ಗಾವರ್ಗಿಯಲ್ಲಿ ಬೋರ್ಡಿನ ಸದಸ್ಯರಿಗೆ ಇದ್ದ ಆಸಕ್ತಿ ಪಾಠದ ಪುಸ್ತಕದಲ್ಲಿ ಇರಲಿಲ್ಲವೆಂದರೆ ತಪ್ಪಾಗಲಾರದು. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಬೆಳಗಾವಿಯು ಮೈಸೂರು ರಾಜ್ಯಕ್ಕೆ ಸೇರಿದಾಗ ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು, ಹಳೆಯ ಮೈಸೂರುಗಳ ಐದು ಬಗೆಯ ಪಠ್ಯಗಳು ಒಂದಾಗಬೇಕಾಯಿತು. ಮುಂಬಯಿಯ ಕ್ರಮದಲ್ಲಿ ನಮಗೆ ಇಂಗ್ಲಿಷ್ ಎಂಟನೆಯ ಇಯತ್ತೆಯಿಂದ. ಮೈಸೂರಿನ ಹುಡುಗರು ಆಗಲೇ ಕೆಲವು ವರ್ಷ ಓದಿ ಮುಂದಿರುತ್ತಿದ್ದರು. ಕಾಲೇಜಿಗೆ ಹೋದ ನಮ್ಮ ತಲೆಮಾರಿನವರು ಆ ಕೊರತೆಯನ್ನು ತುಂಬಿಕೊಳ್ಳಲು ಪಟ್ಟ ಪಾಡು ನಮಗೇ ಗೊತ್ತು.

ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೫ರ ಅಕ್ಟೋಬರ್ ೨೮ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ, ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು ತಾಯಿತಂದೆಗಳೇ ಎಂದೂ, ಶಾಲೆಯನ್ನು ಆರಿಸಿಕೊಳ್ಳುವಲ್ಲಿ ಅವರಿಗೆ ನಿಜವಾದ ಸ್ವಾತಂತ್ರ್ಯ ಇರಬೇಕೆಂದೂ ಹೇಳಿತು. ನಮ್ಮ ಸಂವಿಧಾನದ ೩೦ನೆಯ ಅನುಚ್ಛೇದವು ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಾಲೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು ಕೊಟ್ಟಿದೆ. ೨೮ನೆಯ ಅನುಚ್ಛೇದವು ಅದೇ ಉಸಿರಿನಲ್ಲಿ, ಸರಕಾರದ ಮನ್ನಣೆ ಅಥವಾ ನೆರವು ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ ಅದರ ಪಾಲಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧೆಗೆ ಕೂಡ್ರಿಸಬಾರದೆಂದಿದೆ. ಹಕ್ಕು ನಮ್ಮದೂ ಹೌದು, ನಮ್ಮ ಶಾಲೆಗೆ ಬರುವ ನೆರೆಯವರ ಮಗುವಿನದೂ ಹೌದು.

ಈ ಹಕ್ಕುಗಳೆಲ್ಲ ಒಂದಕ್ಕೊಂದು ಡಿಕ್ಕಿ ಹೊಡೆದದ್ದು ಗೋಕಾಕ ವರದಿಯ ಕಾಲದಲ್ಲಿ. ಆ ಹೆಸರು ಕೇಳಿ ನಮ್ಮ ತಾಲೂಕಿಗೇನೋ ಸಂಬಂಧವಿದೆಯೆಂದು ಎಷ್ಟೋ ಜನ ಭಾವಿಸಿದ್ದುಂಟು. ಅದು ಸವಣೂರಿನಲ್ಲಿ ಹುಟ್ಟಿದ ಕವಿ ವಿನಾಯಕ ಕೃಷ್ಣ ಗೋಕಾಕರ ಮನೆತನದ ಹೆಸರು. ಪ್ರೌಢಶಾಲೆಯಲ್ಲಿ ಪ್ರಥಮ ಭಾಷೆಯ ಸ್ಥಾನ ಯಾವುದಕ್ಕೆ ಎಂಬುದನ್ನು ಪರಿಶೀಲಿಸಲು ೧೯೮೦ರ ಜುಲೈಯಲ್ಲಿ ಅವರ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ೧೯೮೧ರ ಜನವರಿಯಲ್ಲಿ ಅದು, ಕನ್ನಡವೊಂದೇ ಪ್ರಥಮ ಭಾಷೆಯಾಗಿರಬೇಕೆಂದು ವರದಿ ಒಪ್ಪಿಸಿತು. ಸರಕಾರ ಮೀನಮೇಷ ಎಣಿಸತೊಡಗಿದಾಗ ಸಾಹಿತಿಗಳು ಬೀದಿಗಿಳಿದರು. ೧೯೮೨ರಲ್ಲಿ ನಟ ರಾಜಕುಮಾರರು ಚಳವಳಿಯ ಮುಂದಾಳಾದ ಮೇಲೆ ಪಠ್ಯಕ್ರಮದ ಪ್ರಶ್ನೆ ಮನೆಮನೆಯ ಮಾತಾಯಿತು. ಒಂದು ಶಾಲಾ ವಿಷಯದ ಅಂಕಗಳಿಗಾಗಿ ಲಕ್ಷೋಪಲಕ್ಷ ಜನ ಮೆರವಣಿಗೆ ಹೊರಟದ್ದನ್ನು ನಾಡು ಅದಕ್ಕೆ ಮೊದಲು ಕಂಡಿರಲಿಲ್ಲ. ೧೯೮೨ರ ಜುಲೈ ೨೦ರಂದು ಸರಕಾರ ಆದೇಶ ಹೊರಡಿಸಿತು. ಉರ್ದು, ಮರಾಠಿ, ತಮಿಳು ಮೊದಲಾದ ಭಾಷೆಗಳ ಅಲ್ಪಸಂಖ್ಯಾತರು ನ್ಯಾಯಾಲಯಕ್ಕೆ ಹೋದರು. ಒತ್ತಾಯದ ಅಂಶವನ್ನು ೧೯೮೯ರ ಜನವರಿಯಲ್ಲಿ ಉಚ್ಚ ನ್ಯಾಯಾಲ ರದ್ದುಗೊಳಿಸಿತು.

ಅಂದಿನ ಮೆರವಣಿಗೆಯಲ್ಲಿ ನಾನೂ ಕೂಗಿದವನು. ಇಂದು ಹಿಂತಿರುಗಿ ನೋಡಿದಾಗ ಕನ್ನಡಕ್ಕಾಗಿ ಕೂಗಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಆದರೆ ಗಡಿಯ ಹಳ್ಳಿಯಲ್ಲಿ ಮರಾಠಿ ಶಾಲೆ ಬೇಕೆನ್ನುವ ನೆರೆಯವನ ಮಾತೂ, ಕಾಸರಗೋಡಿನಲ್ಲಿ, ಮಹಾರಾಷ್ಟ್ರದ ಜತ್ತ ಮತ್ತು ಅಕ್ಕಲಕೋಟೆಗಳಲ್ಲಿ ಕನ್ನಡ ಶಾಲೆಯನ್ನು ಉಳಿಸಿಕೊಡಿ ಎಂದು ಬೇಡುವ ನಮ್ಮವನ ಮಾತೂ ಒಂದೇ ಎಂಬುದು ಆಗ ಹೊಳೆದಿರಲಿಲ್ಲ. ೨೦೧೭ರಲ್ಲಿ ಕೇರಳವು ಎಲ್ಲ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯ ಮಾಡಲು ಹೊರಟಾಗ ಕಾಸರಗೋಡಿನ ಕನ್ನಡಿಗರು ಎತ್ತಿದ ದನಿಯನ್ನು ಕೇಳಿದಾಗ ಅದು ಚೆನ್ನಾಗಿ ಹೊಳೆಯಿತು.

ಮುಂದಿನ ಹೋರಾಟ ಮಾಧ್ಯಮದ್ದು. ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲಿಯೇ ಕಲಿಸಬೇಕೆಂದು ೧೯೯೪ರ ಏಪ್ರಿಲಿನಲ್ಲಿ ಹೊರಟ ಭಾಷಾನೀತಿಯು ಇಪ್ಪತ್ತು ವರ್ಷ ನ್ಯಾಯಾಲಯಗಳಲ್ಲಿ ಅಲೆದು, ೨೦೧೪ರ ಮೇ ೬ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದ ಮುಂದೆ ಬಿದ್ದುಹೋಯಿತು. ಮಗುವಿನ ಮಾತೃಭಾಷೆ ಯಾವುದೆಂಬುದನ್ನೂ ಯಾವ ಮಾಧ್ಯಮದಲ್ಲಿ ಓದಿಸಬೇಕೆಂಬುದನ್ನೂ ಆರಿಸುವವರು ಪಾಲಕರೇ ಎಂದು ತೀರ್ಪಾಯಿತು. ೨೦೧೯ರಲ್ಲಿ ಸರಕಾರವೇ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಸಾಹಿತಿಗಳು ವಿರೋಧಿಸಿದರು, ಹಳ್ಳಿಯ ತಾಯಂದಿರು ಸಾಲುಗಟ್ಟಿ ನಿಂತು ಮಕ್ಕಳ ಹೆಸರು ಬರೆಸಿದರು. ಚೆನ್ನಬಸಪ್ಪನವರ ಕಾಲದಲ್ಲಿ ಕಾರಕೂನಿಕೆಗಾಗಿ ಮರಾಠಿಯನ್ನು ಬಯಸಿದ ಆ ತಂದೆಯೇ ಬೇರೆ ಉಡುಪಿನಲ್ಲಿ ಬಂದು ನಿಂತಂತಾಯಿತು. ಅವನನ್ನು ಬೈದರೆ ಪ್ರಯೋಜನವಿಲ್ಲ. ಅಂದು ಅವನ ಮನಸ್ಸು ತಿರುಗಿದುದು ಕಚೇರಿಯ ಭಾಷೆ ತಿರುಗಿದ ಮೇಲೆ.

ಪುಸ್ತಕದ ಒಳಗಿನ ಮಾತಿನ ಮೇಲೂ ಜನ ಈಗ ಕಣ್ಣಿಟ್ಟಿದ್ದಾರೆ. ೨೦೨೦ರ ಜುಲೈಯಲ್ಲಿ ಕೊರೋನಾ ಕಾರಣದಿಂದ ಪಠ್ಯವನ್ನು ಕಡಿತಗೊಳಿಸುವಾಗ ಆರನೆಯ ತರಗತಿಯಲ್ಲಿ ಯೇಸುಸ್ವಾಮಿ ಮತ್ತು ಪೈಗಂಬರರ ಕುರಿತ ಪಾಠವನ್ನೂ, ಬೇರೆ ತರಗತಿಯಲ್ಲಿ ಟೀಪುವಿನ ಪಾಠವನ್ನೂ ಕೈಬಿಟ್ಟ ಸುದ್ದಿ ಬಂದಾಗ ಆಕ್ಷೇಪಗಳೆದ್ದು, ಸರಕಾರ ಆ ಕ್ರಮವನ್ನು ತಡೆಹಿಡಿಯಿತು. ೨೦೨೨ರಲ್ಲಿ ಬಸವಣ್ಣನವರ ಪಾಠವನ್ನು ತಿರುಚಲಾಗಿದೆಯೆಂದು ಮಠಾಧೀಶರೂ ಸಾಹಿತಿಗಳೂ ಪ್ರತಿಭಟಿಸಿ, ತಿದ್ದುಪಡಿಗೆ ಸರಕಾರ ಒಪ್ಪಬೇಕಾಯಿತು. ೧೮೨೩ರಲ್ಲಿ ಪ್ರತಿಯೊಂದು ಕುಲಕ್ಕೂ ಅದರದರ ಪುರಾಣವಿದ್ದಿತು. ಈಗ ಎಲ್ಲರಿಗೂ ಇರುವುದು ಒಂದೇ ಪುಸ್ತಕ. ಅದರಲ್ಲಿ ತಮ್ಮ ಪುಟ ಸರಿಯಾಗಿದೆಯೇ ಎಂದು ಪ್ರತಿಯೊಬ್ಬರೂ ನೋಡುತ್ತಾರೆ. ನೆರೆಯವನ ಪುಟ ಸರಿಯಾಗಿದೆಯೇ ಎಂದು ನೋಡುವವರು ಕಡಿಮೆ. ನಾವೂ ಅಷ್ಟೆ.

ಗದ್ದಲವಿಲ್ಲದೆ ನಡೆದ ಒಂದು ಪ್ರಯೋಗವನ್ನು ಹೇಳಬೇಕು. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಯುನಿಸೆಫ್‌ನ ನೆರವಿನಿಂದ, ಸರಕಾರಿ ಶಾಲೆಯ ಸಾಮಾನ್ಯ ಮಾಸ್ತರರೇ ಕೂಡಿ ‘ನಲಿ-ಕಲಿ’ಯನ್ನು ರೂಪಿಸಿದರು. ಹಾಡು, ಆಟ, ಕಾರ್ಡುಗಳ ಮೂಲಕ ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುವ ಆ ಕ್ರಮ ಮುಂದೆ ರಾಜ್ಯದ ಕೆಳಗಿನ ತರಗತಿಗಳಿಗೆಲ್ಲ ಹಬ್ಬಿತು. ಹಬ್ಬಿದ ಮೇಲೆ ಅದೂ ಮೇಲಿನಿಂದ ಬರುವ ಕಾರ್ಡುಗಳ ಕಟ್ಟಾಯಿತೆಂಬ ದೂರನ್ನು ಶಿಕ್ಷಕ ಮಿತ್ರರಿಂದ ಕೇಳಿದ್ದೇನೆ.

೨೦೦೧ರಲ್ಲಿ, ಡಾ. ರಾಜಾ ರಾಮಣ್ಣನವರ ಕಾರ್ಯಪಡೆಯ ಸಲಹೆಯ ಮೇರೆಗೆ, ಪ್ರತಿಯೊಂದು ಸರಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ ಬಂದಿತು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆ, ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ವಿಧಿಸಿತು. ಬಿಸಿಯೂಟ, ಕಟ್ಟಡ, ಮಾಸ್ತರರ ಹಾಜರಿ ಇವನ್ನೆಲ್ಲ ಸಮಿತಿ ನೋಡಬಹುದು. ಪಠ್ಯಕ್ರಮವನ್ನು ನಿಶ್ಚಯಿಸುವ ಕೆಲಸವನ್ನು ಮಾತ್ರ ಅದೇ ಕಾಯಿದೆಯ ೨೯ನೆಯ ಕಲಮು ಸರಕಾರ ನೇಮಿಸಿದ ಶೈಕ್ಷಣಿಕ ಪ್ರಾಧಿಕಾರಕ್ಕೆ ಒಪ್ಪಿಸಿದೆ. ಊರವರ ಕೈಗೆ ಶಾಲೆಯ ಬೀಗದ ಕೈ ಬಂದಿದೆ, ಪುಸ್ತಕದ ಪೆಟ್ಟಿಗೆಯದು ಬೆಂಗಳೂರಿನಲ್ಲಿದೆ. ಆದರೂ ಸಮಿತಿಯ ಸಭೆಗೆ ಹೋಗಿ, ಏನು ಕಲಿಸುತ್ತಿದ್ದೀರಿ ಎಂದು ಕೇಳುವುದನ್ನು ಯಾವ ಕಲಮೂ ತಡೆದಿಲ್ಲ. ನಮ್ಮ ಧರ್ಮಕೇಂದ್ರದ ಮಕ್ಕಳಲ್ಲಿ ಬಹುಮಂದಿ ಓದುವುದು ಕಾನ್ವೆಂಟಿನಲ್ಲಲ್ಲ, ಊರ ಸರಕಾರಿ ಶಾಲೆಯಲ್ಲಿ. ಆ ಸಮಿತಿಯ ಸಭೆಗೆ ಹೋಗುವ ನಮ್ಮವರು ಎಷ್ಟು ಮಂದಿ ಎಂದು ಕಳೆದ ಸಲ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತಿದ್ದವರನ್ನು ವಿಚಾರಿಸಿದೆ. ಇಬ್ಬರು ಕೈ ಎತ್ತಿದರು, ಇಬ್ಬರೂ ಹೆಂಗಸರು.